ಹಳೆಯ ಸ್ಪೋರ್ಟ್ಸ್ ಕಾರು ಕ್ಲಬ್ಬುಗಳ ವಾರ್ಷಿಕ ಬಹುಮಾನಗಳು: ಸದಸ್ಯರಿಗೊಂದು ಮಾಹಿತಿ ಲೇಖನ



ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ನಮ್ಮ ಸದಸ್ಯರಲ್ಲಿ ಹಲವರ ಮನೆಯಂಗಳದಲ್ಲಿ ತಂದೆಯ ಕಾಲದ, ತಾತನ ಕಾಲದ ಒಂದು ಕಾರು ಇನ್ನೂ ಇದೆ. ಕೆಲವರದು ಓಡುತ್ತದೆ, ಕೆಲವರದು ಟಾರ್ಪಾಲಿನ ಕೆಳಗಿದೆ. ಹಳೆಯ ಕಾರುಗಳ ಪ್ರದರ್ಶನ ಅಥವಾ ರ‍್ಯಾಲಿ ನಡೆದಾಗಲೆಲ್ಲ ಸಂಘಕ್ಕೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಬಹುಮಾನ ಯಾವ ಲೆಕ್ಕದಲ್ಲಿ ಕೊಡುತ್ತಾರೆ? ಹೊಳೆಯುವ ಕಾರಿಗೇ ಯಾಕೆ ಕಪ್ಪು? ನಮ್ಮ ಗಾಡಿ ಸೇರಿಸಬಹುದೇ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ನಮಗೆ ತಿಳಿದಿರುವುದನ್ನು ಒಂದೆಡೆ ಸೇರಿಸಿ ಇಲ್ಲಿ ಕೊಟ್ಟಿದ್ದೇವೆ. ಬೇಕಾದಾಗ ತೆಗೆದು ನೋಡಲು ಅನುಕೂಲವಾಗಲಿ ಎಂಬುದು ನಮ್ಮ ಉದ್ದೇಶ.

ನಮ್ಮ ಊರಿಗೂ ಈ ವಿಷಯಕ್ಕೂ ಇರುವ ನಂಟು

ಕೊಯಮತ್ತೂರಿಗೆ ಕಾರು ಓಟ ಹೊಸದಲ್ಲ. ಜಿ.ಡಿ. ನಾಯ್ಡು (1893–1974) ಅವರು ಬಸ್ಸು ಓಡಿಸುವುದರಿಂದ ಆರಂಭಿಸಿ ಯಂತ್ರಗಳನ್ನೇ ತಯಾರಿಸುವ ಮಟ್ಟಕ್ಕೆ ಬೆಳೆದವರು. ಅವರ ಹೆಸರಿನ ಸಂಸ್ಥೆ 2015ರಲ್ಲಿ ಅವಿನಾಶಿ ರಸ್ತೆಯಲ್ಲಿ ಜೀಡೀ ಕಾರು ವಸ್ತುಸಂಗ್ರಹಾಲಯವನ್ನು ತೆರೆಯಿತು. ಹಲವು ದೇಶಗಳ ಹಳೆಯ ಕಾರುಗಳನ್ನು ಒಂದೇ ಸೂರಿನಡಿ ನೋಡಬೇಕೆನ್ನುವ ಸದಸ್ಯರು ಮಕ್ಕಳೊಂದಿಗೆ ಒಮ್ಮೆ ಹೋಗಿಬರಬಹುದು.

ಇದೇ ಊರಿನ ಎಸ್. ಕರಿವರ್ಧನ್ ಅವರು ಮಾರುತಿ ಎಂಜಿನ್ ಬಳಸಿ ಒಬ್ಬರೇ ಕೂರುವ ರೇಸು ಕಾರನ್ನು ಕಡಿಮೆ ಖರ್ಚಿನಲ್ಲಿ ರೂಪಿಸಿದರು. ಸಾಮಾನ್ಯ ಮನೆಯ ಹುಡುಗರಿಗೂ ರೇಸು ಕೈಗೆಟುಕಲು ಅದೂ ಒಂದು ಕಾರಣ. ಅವರು 1995ರಲ್ಲಿ ಹಾರಾಟದ ಅಪಘಾತವೊಂದರಲ್ಲಿ ತೀರಿಕೊಂಡರು. ಚೆಟ್ಟಿಪಾಳಯಂ ಬಳಿಯ ಕರಿ ಮೋಟಾರ್ ಸ್ಪೀಡ್‌ವೇ ಅವರ ನೆನಪಿನದೇ. ನಮ್ಮ ಊರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯರಾದರು. ಅದೇ ವರ್ಷ ಅಮೆರಿಕದ ಸ್ಪರ್ಧೆಯಲ್ಲಿ ನಾಲ್ಕನೆಯವರಾಗಿ ಅಂಕವನ್ನೂ ಪಡೆದರು.

ಕನ್ನಡ ನಾಡಿನ ಕಡೆಗೂ ಇದರ ಕೊಂಡಿ ಇದೆ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ಯಾತ್ರೆಗೆ ಹೋದಾಗ ನಮ್ಮಲ್ಲಿ ಅನೇಕರು ನೋಡಿದ್ದೇವೆ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್ ಕಾರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯದು. ಅದರ ಮೈ ಕಬ್ಬಿಣದ ತಗಡಿನದಲ್ಲ, ಫೈಬರಿನದು. ಪೇಟೆಯಲ್ಲಿ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ಹಗುರವಾಗಿದ್ದುದರಿಂದ ರೇಸು, ರ‍್ಯಾಲಿಗಳಲ್ಲಿ ಹೆಸರು ಮಾಡಿತು.

ಎಷ್ಟು ಹಳೆಯದಾದರೆ ಕ್ಲಾಸಿಕ್?

ಇದಕ್ಕೆ ಎಲ್ಲರೂ ಒಪ್ಪುವ ಒಂದೇ ಅಳತೆ ಇಲ್ಲ. ಇಂಗ್ಲೆಂಡಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ 1934ರಲ್ಲಿ ಆರಂಭವಾಯಿತು. 1930ರವರೆಗೆ ತಯಾರಾದ ಕಾರನ್ನು ಮಾತ್ರ ಅದು ವಿಂಟೇಜ್ ಎಂದು ಕರೆಯುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಸಂಸ್ಥೆ ಕನಿಷ್ಠ 30 ವರ್ಷ ಹಳೆಯದಾಗಿರಬೇಕು, ಸರಿಯಾದ ಮೂಲ ಸ್ಥಿತಿಯಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುತ್ತಿರಬಾರದು ಎನ್ನುತ್ತದೆ. ಅದರ ವಯೋವಿಂಗಡಣೆ ಹೀಗಿದೆ:

- 1904ರ ಕೊನೆಯವರೆಗೆ: ಆ್ಯನ್ಸೆಸ್ಟರ್
- 1905–1918: ವೆಟರನ್
- 1919–1930: ವಿಂಟೇಜ್
- 1931–1945: ಪೋಸ್ಟ್ ವಿಂಟೇಜ್
- 1946–1960: ಯುದ್ಧಾನಂತರದ ಕಾರುಗಳು
- 1961ರಿಂದ ಮುಂದೆ: ಇನ್ನೂ ಬೇರೆ ವರ್ಗಗಳು

ನಮ್ಮ ದೇಶದ ಕ್ಲಬ್ಬುಗಳು ತಮ್ಮ ತಮ್ಮ ವರ್ಷಗಳನ್ನು ತಾವೇ ಗೊತ್ತುಮಾಡಿಕೊಳ್ಳುತ್ತವೆ. ಆದ್ದರಿಂದ ಅರ್ಜಿ ತುಂಬುವ ಮೊದಲು ಆಯಾ ಸ್ಪರ್ಧೆಯ ನಿಯಮ ಪುಸ್ತಕವನ್ನು ಓದಿಕೊಳ್ಳಿ.

ಸ್ಪೋರ್ಟ್ಸ್ ಕಾರು ಎಂದರೆ ಸಾಮಾನ್ಯವಾಗಿ ಎರಡೇ ಸೀಟಿನ, ತಗ್ಗಾದ, ಓಡಿಸುವ ಸಂತೋಷಕ್ಕೆಂದೇ ಮಾಡಿದ ಕಾರು. 1945ರ ನಂತರದ ಎಂಜಿ ಟಿಸಿ, 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ 120 ಇದಕ್ಕೆ ಉದಾಹರಣೆ. ಆಮದಿನ ನಿರ್ಬಂಧಗಳ ಕಾಲದಲ್ಲಿ ಇಂಥವು ನಮ್ಮಲ್ಲಿಗೆ ಬಂದದ್ದೇ ಕಡಿಮೆ. ಚೆನ್ನೈ ಹತ್ತಿರದ ಶೋಳವರಂನಲ್ಲಿ, ಯುದ್ಧಕಾಲದ ಹಳೆಯ ವಿಮಾನ ಓಡುದಾರಿಯ ಮೇಲೆ, ಮನೆಬಳಕೆಯ ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳನ್ನೇ ತಿದ್ದಿ ಓಡಿಸುತ್ತಿದ್ದರು. ಹಾಗಾಗಿ ನಮ್ಮ ಕಡೆ ಸ್ಪೋರ್ಟ್ಸ್ ಕಾರುಗಳ ಜೊತೆಗೆ ಓಟಕ್ಕೆಂದು ತಿದ್ದಿದ ಸಾಧಾರಣ ಕಾರುಗಳಿಗೂ ಕೆಲವು ಕಡೆ ಪ್ರತ್ಯೇಕ ವರ್ಗ ಇರುತ್ತದೆ.

ಬಹುಮಾನಗಳಲ್ಲಿ ಮೂರು ಬಗೆ

ಮೊದಲನೆಯದು ನಿಲ್ಲಿಸಿ ನೋಡುವ ಸ್ಪರ್ಧೆ. ಇದನ್ನು ಕಾನ್‌ಕೂರ್ ಎನ್ನುತ್ತಾರೆ. ತೀರ್ಪುಗಾರರು ಸಾಮಾನ್ಯವಾಗಿ 100 ಅಂಕದಿಂದ ಆರಂಭಿಸಿ ತಪ್ಪು ಕಂಡಂತೆಲ್ಲ ಕಳೆಯುತ್ತಾ ಹೋಗುತ್ತಾರೆ. ಮೈ ಮತ್ತು ಬಣ್ಣ, ಕ್ರೋಮ್, ಸೀಟು ಮತ್ತು ಒಳಗಿನ ಬಟ್ಟೆ, ಬಾನೆಟ್ಟಿನ ಕೆಳಗಿನ ಭಾಗ, ಕಾರಿನ ತಳ, ದೀಪ ಹಾರನ್ನು ಕೆಲಸ ಮಾಡುತ್ತವೆಯೇ, ಎಂಜಿನ್ ತಾನಾಗಿ ಚಾಲೂ ಆಗುತ್ತದೆಯೇ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಲ್ಲಿ ನಮ್ಮವರು ಎಡವುವುದು ಹೆಚ್ಚಾಗಿ ಉತ್ಸಾಹದಿಂದ. ಕಂಪನಿ ಬಣ್ಣ ಬಳಿದಿದ್ದ ಕಡೆ ಕ್ರೋಮ್ ಹಾಕಿಸುತ್ತಾರೆ, 1950ರ ಕಾರಿಗೆ ಇಂದಿನ ಮೆಟಾಲಿಕ್ ಬಣ್ಣ ಹೊಡೆಸುತ್ತಾರೆ, ಅಲಾಯ್ ಚಕ್ರ ಕೂರಿಸುತ್ತಾರೆ. ಕಣ್ಣಿಗೆ ಚೆಂದ, ಅಂಕಕ್ಕೆ ಹಾನಿ.

ಎರಡನೆಯದು ಓಡಿಸಿ ನೋಡುವ ಸ್ಪರ್ಧೆ. ಇದರಲ್ಲಿ ಬೆಟ್ಟ ಹತ್ತುವ ಓಟ, ಟ್ರ್ಯಾಕಿನ ಓಟ ಮತ್ತು ಸಮಯ ಪಾಲನೆಯ ರ‍್ಯಾಲಿ ಎಂದು ಹಲವು ವಿಧಗಳಿವೆ. ಸಮಯ ಪಾಲನೆಯ ರ‍್ಯಾಲಿಯಲ್ಲಿ ವೇಗವಾಗಿ ಹೋದವರು ಗೆಲ್ಲುವುದಿಲ್ಲ, ಹೇಳಿದ ವೇಗದಲ್ಲಿ ಹೋದವರು ಗೆಲ್ಲುತ್ತಾರೆ. ಕೊಯಮತ್ತೂರಿನಿಂದ ಅವಿನಾಶಿಗೆ 40 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಗಂಟೆಗೆ ಸರಾಸರಿ 30 ಕಿಲೋಮೀಟರ್ ವೇಗ ಎಂದು ನಿಗದಿ ಮಾಡಿದ್ದರೆ 80 ನಿಮಿಷ ಹಿಡಿಯಬೇಕು. ಬೆಳಿಗ್ಗೆ 9ಕ್ಕೆ ಹೊರಟವರು 10 ಗಂಟೆ 20 ನಿಮಿಷಕ್ಕೆ ಅಲ್ಲಿರಬೇಕು. 10:17ಕ್ಕೆ ತಲುಪಿದರೂ ದಂಡ, 10:23ಕ್ಕೆ ತಲುಪಿದರೂ ದಂಡ. ದಾರಿಯ ನಡುವೆ ಗುಟ್ಟಾದ ತಪಾಸಣೆ ಸ್ಥಳಗಳಿರುವುದರಿಂದ ಕೊನೆಯಲ್ಲಿ ಹೋಟೆಲಿನ ಮುಂದೆ ಕಾಯುತ್ತಾ ಕೂರುವ ಉಪಾಯ ನಡೆಯುವುದಿಲ್ಲ. ಇಲ್ಲಿ ಪಕ್ಕದ ಸೀಟಿನಲ್ಲಿ ಲೆಕ್ಕ ಹಾಕುವವರಿಗೂ ಚಾಲಕರಷ್ಟೇ ಬೆಲೆ. ಕಚೇರಿಯಲ್ಲಿ ಲೆಡ್ಜರ್ ಬರೆದು ನಿವೃತ್ತರಾದ ನಮ್ಮಂಥವರಿಗೆ ತಕ್ಕ ಸ್ಥಾನ ಅದು.

ವೇಗದ ಸ್ಪರ್ಧೆಗಳ ಮಾತು ಬೇರೆ. ನಮ್ಮ ದೇಶದಲ್ಲಿ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮದಂತೆ ಅನುಮತಿ, ಸ್ಪರ್ಧಾ ಪರವಾನಗಿ, ಹೆಲ್ಮೆಟ್, ಸುರಕ್ಷತಾ ಬೆಲ್ಟ್ ಎಲ್ಲವೂ ಬೇಕು. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ಕಟ್ಟುವುದು ಅಪರಾಧ ಎಂಬುದನ್ನು ಮನೆಯ ಹುಡುಗರಿಗೆ ದಯವಿಟ್ಟು ತಿಳಿಸಿಹೇಳಿ.

ಮೂರನೆಯದು ಇಡೀ ವರ್ಷದ ಬಹುಮಾನ. ವರ್ಷದಲ್ಲಿ ನಡೆದ ಎಲ್ಲ ಸ್ಪರ್ಧೆಗಳ ಅಂಕ ಕೂಡಿಸಿ, ವಾರ್ಷಿಕ ಸಭೆಯಲ್ಲಿ ಕೊಡುವಂಥದು. ಒಂದು ಸಣ್ಣ ಲೆಕ್ಕ ನೋಡಿ. ಮೊದಲನೆಯವರಿಗೆ 10, ಎರಡನೆಯವರಿಗೆ 8, ಮೂರನೆಯವರಿಗೆ 6 ಅಂಕ. ವರ್ಷಕ್ಕೆ ಐದು ಸ್ಪರ್ಧೆ. ಒಬ್ಬರು ಎರಡರಲ್ಲಿ ಗೆದ್ದು ಉಳಿದ ಮೂರಕ್ಕೆ ಬರಲೇ ಇಲ್ಲ: ಅವರಿಗೆ 20. ಇನ್ನೊಬ್ಬರು ಐದಕ್ಕೂ ಬಂದು ಪ್ರತಿಸಲವೂ ಮೂರನೆಯವರಾದರು: ಅವರಿಗೆ 30. ಕಪ್ಪು ಹೋಗುವುದು ಎರಡನೆಯವರಿಗೆ. ಹಳೆಯ ಕಾರನ್ನು ವರ್ಷದಲ್ಲಿ ಐದು ಸಲ ರಸ್ತೆಗಿಳಿಸಿ, ಐದು ಸಲವೂ ಮನೆಗೆ ಓಡಿಸಿಕೊಂಡೇ ಬರುವುದು ಸಣ್ಣ ಮಾತಲ್ಲ. ವರ್ಷದ ಬಹುಮಾನ ಗುರುತಿಸುವುದು ಅದನ್ನೇ.

ಈ ವಾರ್ಷಿಕ ಕಪ್ಪುಗಳು ಹೆಚ್ಚಾಗಿ ಪರ್ಯಾಯ ಪಾರಿತೋಷಕಗಳು. ಶಾಲೆಯಲ್ಲಿ ನಾವು ರೋಲಿಂಗ್ ಶೀಲ್ಡ್ ಎನ್ನುತ್ತಿದ್ದೆವಲ್ಲ, ಅದೇ. ಗೆದ್ದವರ ಹೆಸರು ಕೆತ್ತಿಸಿ ಒಂದು ವರ್ಷ ಮನೆಯಲ್ಲಿಟ್ಟು ಮರಳಿಸಬೇಕು. ಇವುಗಳ ಜೊತೆಗೆ ಅತಿ ದೂರದಿಂದ ಓಡಿಸಿಕೊಂಡು ಬಂದ ಕಾರಿಗೆ, ಉತ್ತಮ ಮಹಿಳಾ ಜೋಡಿಗೆ, ಬಿಸಿಲಲ್ಲಿ ನಿಂತು ಬಾವುಟ ಹಿಡಿದ ಸ್ವಯಂಸೇವಕರಿಗೆ ಬಹುಮಾನ ಕೊಡುವ ಪದ್ಧತಿಯೂ ಕ್ಲಬ್ಬುಗಳಲ್ಲಿ ಇದೆ. ಚಾಮರಾಜನಗರದಿಂದ ದಿಂಬಂ ಘಾಟಿಯ 27 ತಿರುವು ಇಳಿದು 60 ವರ್ಷದ ಕಾರೊಂದು ಕೊಯಮತ್ತೂರಿಗೆ ಬಂದರೆ ಅದಕ್ಕೊಂದು ಬಹುಮಾನ ಸಲ್ಲಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಟ್ರಕ್ಕಿನ ಮೇಲೆ ಹೇರಿಕೊಂಡು ಬಂದು ಇಳಿಸಿದ ಕಾರಿಗೂ ಅದಕ್ಕೂ ವ್ಯತ್ಯಾಸವಿದೆ.

ಹೊಳಪಿಗೋ, ಮೂಲಕ್ಕೋ?

ಬಹಳ ವರ್ಷ ಕಾನ್‌ಕೂರ್ ಎಂದರೆ ಹೊಸದಕ್ಕಿಂತ ಹೊಸದಾಗಿ ಕಾಣುವ ಕಾರಿನ ಸ್ಪರ್ಧೆಯಾಗಿತ್ತು. ಹಣ ಇದ್ದವರು ಪೂರ್ತಿ ಬಿಚ್ಚಿ, ಬಣ್ಣ ಕೆರೆದು, ಹೊಸ ಚರ್ಮ ಹೊದಿಸಿ ತರುತ್ತಿದ್ದರು. ಈ ಗಾಳಿ ಈಗ ತಿರುಗುತ್ತಿದೆ. ಅಮೆರಿಕದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆಯುತ್ತಿರುವ ಕಾನ್‌ಕೂರ್ ಈ ಬಗೆಯಲ್ಲಿ ಜಗತ್ತಿನ ಅತಿ ಹೆಸರುವಾಸಿ ಸ್ಪರ್ಧೆಗಳಲ್ಲಿ ಒಂದು. 2024ರಲ್ಲಿ ಅಲ್ಲಿನ ಅತ್ಯುನ್ನತ ಬಹುಮಾನ 1934ರ ಬುಗಾಟಿ ಟೈಪ್ 59 ಸ್ಪೋರ್ಟ್ಸ್ ಕಾರಿಗೆ ಹೋಯಿತು. ಅದು ಹೊಸದಾಗಿ ಮಾಡಿಸಿದ ಕಾರಲ್ಲ. ಹಿಂದೆ ಬೆಲ್ಜಿಯಂ ದೊರೆಯ ಬಳಿಯಿದ್ದು, ಸವೆದ ಬಣ್ಣ, ಗೀರುಗಳನ್ನು ಹಾಗೇ ಉಳಿಸಿಕೊಂಡು ಬಂದ ಕಾರು. ಇದ್ದಂತೆಯೇ ಕಾಪಾಡಿದ ಕಾರಿಗೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು.

ಇದು ನಮಗೆ ಸಮಾಧಾನದ ಸುದ್ದಿ. ಲಕ್ಷಗಟ್ಟಲೆ ಸುರಿಯಲಾಗದ ಮನೆಯಲ್ಲೂ, ಮೂಲ ಬಣ್ಣ, ಮೂಲ ಮೀಟರು, ಮೂಲ ಸೀಟು ಉಳಿದಿದ್ದರೆ ಅದೇ ಆಸ್ತಿ. ಪ್ರದರ್ಶನದ ಹಿಂದಿನ ವಾರ ಬಣ್ಣ ಹೊಡೆಸಲು ಓಡಬೇಡಿ. ತುಕ್ಕು ಹಬ್ಬದಂತೆ ನೋಡಿಕೊಳ್ಳಿ, ಎಣ್ಣೆ ಬದಲಿಸಿ, ವಾರಕ್ಕೊಮ್ಮೆ ಚಾಲೂ ಮಾಡಿ. ತೆಗೆದ ಹಳೆಯ ಬಿಡಿಭಾಗವನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಎತ್ತಿಡಿ.

ಕಾಗದಪತ್ರದ ವಿಷಯ

ಕಾರು ಎಷ್ಟೇ ಚೆನ್ನಾಗಿದ್ದರೂ ಕಾಗದವಿಲ್ಲದಿದ್ದರೆ ಪರೀಕ್ಷೆಯ ಮೇಜಿನ ಮುಂದೆ ನಿಂತುಹೋಗುತ್ತದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಭಾಗವನ್ನು ಸೇರಿಸಿತು. ಅದರ ಮುಖ್ಯ ಅಂಶಗಳು:

- ಮೊದಲ ನೋಂದಣಿಯಿಂದ 50 ವರ್ಷ ದಾಟಿರುವ, ಮೂಲ ರೂಪದಲ್ಲೇ ಇರುವ, ಹೆಚ್ಚಿನ ಮಾರ್ಪಾಡು ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಅನ್ವಯ.
- ಈಗಾಗಲೇ ನೋಂದಣಿ ಇರುವ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿ ಮಾಡಿಸಿದರೆ ರಾಜ್ಯದ ಸಂಕೇತದ ನಂತರ 'ವಿಎ' ಎಂಬ ಅಕ್ಷರಗಳು ಬರುತ್ತವೆ.
- ನಿಯಮ ಬಂದಾಗ ನಿಗದಿಯಾದ ಶುಲ್ಕ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ನೋಂದಣಿಯ ಅವಧಿ 10 ವರ್ಷ.
- ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಬಾಡಿಗೆಗೆ ಓಡಿಸುವಂತಿಲ್ಲ.

ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಶುಲ್ಕವನ್ನು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಗಡಿಭಾಗದ ನಮಗೆ ಇನ್ನೊಂದು ತೊಡಕಿದೆ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಅಂದರೆ ಕೊಳ್ಳೇಗಾಲದ ಕಡೆಯ ಮನೆಯೊಂದರ ಹಳೆಯ ಕಾರಿನ ಮೊದಲ ದಾಖಲೆ ಕೊಯಮತ್ತೂರಿನಲ್ಲಿ ಹುಟ್ಟಿರಬಹುದು, ಉಡುಮಲಪೇಟೆಯ ಕಾರಿನ ಹಳೆಯ ಕಡತ ಈಗಿನ ಜಿಲ್ಲೆಯಲ್ಲಿ ಇಲ್ಲದಿರಬಹುದು. ಗಡಿ ಸರಿದಾಗ ಕಡತವೂ ಸರಿಯುತ್ತದೆ; ಕೆಲವು ಸಲ ದಾರಿಯಲ್ಲೇ ಉಳಿಯುತ್ತದೆ. ಕಡತಗಳ ನಡುವೆಯೇ ಬದುಕು ಕಳೆದವರಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ. ಹಳೆಯ ಆರ್.ಸಿ. ಪುಸ್ತಕ, ತೆರಿಗೆ ಚೀಟಿ, ವಿಮೆ ಕಾಗದ, ಗ್ಯಾರೇಜಿನ ರಸೀದಿ, ಮದುವೆಯ ದಿನ ಕಾರಿನ ಮುಂದೆ ತೆಗೆಸಿದ ಫೋಟೋ ಯಾವುದನ್ನೂ ಎಸೆಯಬೇಡಿ. ಕಾರಿನ ಮೂಲ ಬಣ್ಣ ಯಾವುದೆಂದು ತೋರಿಸಲು ಆ ಮದುವೆ ಫೋಟೋವೇ ಸಾಕ್ಷಿಯಾಗಬಹುದು.

ಹಗ್ಗದ ಆಚೆ ನಿಂತವರು

ಇನ್ನು ನಮ್ಮ ಮನಸ್ಸಿನಲ್ಲಿ ಉಳಿದಿರುವ ಒಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯರೊಬ್ಬರು ತಂದೆಯವರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಒಂದು ಪ್ರದರ್ಶನಕ್ಕೆ ಒಯ್ದಿದ್ದರು. ಸಂಘದ ನಾಲ್ಕೈದು ಜನ ನಾವೂ ಜೊತೆಗಿದ್ದೆವು. ಬಣ್ಣ, ಸೀಟು, ಮೀಟರು ಎಲ್ಲವೂ ಮೂಲದ್ದೇ. ತೀರ್ಪುಗಾರರು ಬಾನೆಟ್ ಎತ್ತಿಸಿ ಎಂಜಿನ್ ಸಂಖ್ಯೆ ನೋಡಿದರು. ಆರ್.ಸಿ.ಯಲ್ಲಿದ್ದ ಸಂಖ್ಯೆಗೆ ಅದು ತಾಳೆಯಾಗಲಿಲ್ಲ. ಯಾವಾಗ ಬದಲಾಯಿತು, ಯಾಕೆ ಬದಲಾಯಿತು ಎಂದು ಕೇಳಿದರು. ಸದಸ್ಯರಿಗೆ ಗೊತ್ತಿರಲಿಲ್ಲ. ಅಂಕ ಹೋಯಿತು.

ಉತ್ತರ ಗೊತ್ತಿದ್ದವರು ಹತ್ತು ಅಡಿ ದೂರದಲ್ಲೇ ಇದ್ದರು. ಆ ಕಾರನ್ನು 30 ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡಿದ್ದ ಮೆಕ್ಯಾನಿಕ್, ಎಪ್ಪತ್ತು ದಾಟಿದವರು, ಕಟ್ಟಿದ ಹಗ್ಗದ ಆಚೆ ಜನರ ನಡುವೆ ನಿಂತಿದ್ದರು. ಒಳಗೆ ಬರಲು ಅವರಿಗೆ ಚೀಟಿ ಇರಲಿಲ್ಲ. ಹಿಂತಿರುಗುವಾಗ ದಾರಿಯಲ್ಲಿ ಹೇಳಿದರು: "ಬ್ಲಾಕು ಸೀಳಿತ್ತು ಸಾಮಿ. ಅದೇ ಕಂಪನಿ ಎಂಜಿನ್ನು, ಅದೇ ಮಾದರಿ, ಇನ್ನೊಂದು ಗಾಡೀದು ತಂದು ಕೂರಿಸ್ದೆ. ಅಪ್ಪಾವ್ರಿಗೆ ಪುಸ್ತಕದಲ್ಲಿ ಏರಿಸ್ಕೊಳ್ಳಿ ಅಂತ್ಲೂ ಹೇಳಿದ್ದೆ. ನನ್ನ ಕೇಳಿದ್ರೆ ಹೇಳ್ತಿದ್ದೆನಲ್ಲ." ಅದಾದ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಯಾವ ಬಿಡಿಭಾಗ ಎಲ್ಲಿಂದ ಬಂತು, ಯಾವ ತಿರುಪಿಗೆ ಯಾವ ಅಳತೆ ಎಂಬುದೆಲ್ಲ ಅವರ ತಲೆಯಲ್ಲಿತ್ತು. ಬರೆದಿಟ್ಟವರು ಯಾರೂ ಇರಲಿಲ್ಲ. ಆ ಕಾರು ಈಗ ಓಡುವುದಿಲ್ಲ.

ಪಾರಿತೋಷಕದ ಮೇಲೆ ಮಾಲೀಕರ ಹೆಸರು ಕೆತ್ತುತ್ತಾರೆ. ಅದು ತಪ್ಪಲ್ಲ, ಗುಜರಿಯವರು ಕೇಳಿದಾಗಲೂ ಮಾರದೆ ಉಳಿಸಿಕೊಂಡವರು ಅವರು. ಆದರೆ ಕೊಯಮತ್ತೂರಿನಂಥ ಊರಿನಲ್ಲಿ ಹಳೆಯ ಕಾರು ಓಡುತ್ತಿರುವುದು ಲೇತ್ ಅಂಗಡಿಯವರು, ತಗಡು ಬಡಿಯುವವರು, ಸೀಟು ಹೊಲಿಯುವವರು, ಡೈನಮೋ ಸುತ್ತುವವರು ಇರುವುದರಿಂದ. ಎಲ್ಲಿಯೂ ಸಿಗದ ಒಂದು ಬುಶ್ಶನ್ನೋ ಪಿನ್ನನ್ನೋ ಅರ್ಧ ದಿನದಲ್ಲಿ ಕಡೆದುಕೊಡುವ ಕೈಗಳು ಅವು. ಅವರಲ್ಲಿ ಅನೇಕರಿಗೆ ವಯಸ್ಸಾಗಿದೆ.

ಸದಸ್ಯರಲ್ಲಿ ವಿನಂತಿ

1. ಹಳೆಯ ವಾಹನವಿರುವ ಪ್ರತಿ ಮನೆಯವರೂ ಒಂದು ನೋಟ್‌ಬುಕ್ ಇಡಿ. ದಿನಾಂಕ, ಮಾಡಿಸಿದ ಕೆಲಸ, ಬದಲಿಸಿದ ಭಾಗ, ಕೆಲಸ ಮಾಡಿದವರ ಹೆಸರು ಇಷ್ಟು ಸಾಕು.
2. ಎಂಜಿನ್ ಅಥವಾ ಬಣ್ಣ ಬದಲಾಗಿದ್ದರೆ ಆರ್.ಸಿ.ಯಲ್ಲಿ ಏರಿಸಿದ್ದೀರಾ ಎಂದು ಈ ತಿಂಗಳೇ ನೋಡಿಕೊಳ್ಳಿ.
3. ನಿಮ್ಮ ಮೆಕ್ಯಾನಿಕ್ ಅವರನ್ನು ಒಂದು ಸಂಜೆ ಕೂರಿಸಿ, ಕಾರಿನ ಕತೆ ಕೇಳಿ ಬರೆದುಕೊಳ್ಳಿ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡರೂ ಆಗುತ್ತದೆ.
4. ಸ್ಪರ್ಧೆಗೆ ಹೋಗುವಾಗ ಅವರ ಹೆಸರಿನಲ್ಲೂ ಒಂದು ಪ್ರವೇಶ ಚೀಟಿ ಕೇಳಿ ಪಡೆಯಿರಿ.

ಈ ವರ್ಷದ ರಾಜ್ಯೋತ್ಸವದ ದಿನ ನಮ್ಮ ಸಂಘದ ಆವರಣದಲ್ಲಿ ಸದಸ್ಯರ ಹಳೆಯ ವಾಹನಗಳನ್ನು ನಿಲ್ಲಿಸುವ ಆಲೋಚನೆಯಿದೆ. ಸ್ಪರ್ಧೆ ಇರುವುದಿಲ್ಲ, ಅಂಕವೂ ಇರುವುದಿಲ್ಲ. ಪ್ರತಿ ವಾಹನದ ಮುಂದೆ ಒಂದು ಫಲಕ ಇಟ್ಟು ಅದರಲ್ಲಿ ತಯಾರಾದ ವರ್ಷ, ಮಾಲೀಕರ ಹೆಸರು ಮತ್ತು ಕಾಪಾಡಿದ ಮೆಕ್ಯಾನಿಕ್ ಹೆಸರು ಮೂರನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಬರೆಸುತ್ತೇವೆ. ವಾಹನ ತರುವವರು ಕಾರ್ಯದರ್ಶಿಯವರಿಗೆ ಮುಂಚಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ. ಓಡದ ವಾಹನವಾದರೆ ಅದರ ಫೋಟೋ ಮತ್ತು ನೋಟ್‌ಬುಕ್ ತಂದರೂ ಸಾಕು, ಅದಕ್ಕೂ ಒಂದು ಫಲಕ ಇರುತ್ತದೆ.

ಇತಿ,
ಕಾರ್ಯದರ್ಶಿ
(ಸಂಘದ ಕಾರ್ಯಕಾರಿ ಸಮಿತಿಯ ಪರವಾಗಿ)